ಆಸ್ಪತ್ರೆ ಖರ್ಚಿಗೆ ಮೊದಲು ಯಾವ ಬಾಗಿಲು ತಟ್ಟಬೇಕು? ಸರ್ಕಾರಿ ಯೋಜನೆ, ಇಎಸ್‌ಐ, ವಿಮೆ, ಒಡವೆ ಸಾಲ, ಕೈಸಾಲಗಳ ಹೋಲಿಕೆ

ರಾತ್ರಿ ಎದೆನೋವೆಂದು ಒಬ್ಬರನ್ನು ಆಸ್ಪತ್ರೆಗೆ ಸೇರಿಸಿದ ಮನೆಯವರು ಮರುದಿನ ಮಧ್ಯಾಹ್ನದೊಳಗೆ ನಾಲ್ಕಾರು ಕಾಗದಗಳಿಗೆ ಸಹಿ ಹಾಕಿರುತ್ತಾರೆ, ಅಡ್ವಾನ್ಸ್ ಕಟ್ಟಿರುತ್ತಾರೆ, ನೆಂಟರಿಗೆಲ್ಲ ಫೋನ್ ಮಾಡಿರುತ್ತಾರೆ. ಮುಂದೆ ಬರುವ ಸಾಲ, ಬಿಡಿಸಿಕೊಳ್ಳಲಾಗದ ಒಡವೆ, ಅರ್ಧಕ್ಕೆ ನಿಂತ ಮಗಳ ಕಾಲೇಜು ಇವುಗಳಲ್ಲಿ ಬಹುಪಾಲು ಆ ಕೆಲವೇ ಗಂಟೆಗಳಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಯಾಕೆಂದರೆ ಉಚಿತವಾಗಿ ಅಥವಾ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡಿಸುವ ದಾರಿಗಳು ಹೆಚ್ಚಿನವು ಚಿಕಿತ್ಸೆಗೆ ಮೊದಲೇ ಕೇಳಿದರೆ ಮಾತ್ರ ಸಿಗುತ್ತವೆ. ದುಡ್ಡು ಕಟ್ಟಿ ಆಪರೇಷನ್ ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಸಾಲಕ್ಕೆ ಆ ನಿಯಮವಿಲ್ಲ, ಅದು ಯಾವಾಗ ಬೇಕಾದರೂ ಹುಟ್ಟುತ್ತದೆ. ಹಾಗಿದ್ದೂ ಗಾಬರಿಯಲ್ಲಿ ಜನ ಮೊದಲು ಓಡುವುದು ಸಾಲದ ಕಡೆಗೇ.

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಆಸ್ಪತ್ರೆ ಖರ್ಚಿಗೆ ಹಳ್ಳಿಯ ಶೇ 80ರಷ್ಟು ಮನೆಗಳು ಮುಖ್ಯವಾಗಿ ನೆಚ್ಚಿಕೊಂಡದ್ದು ಸ್ವಂತ ಆದಾಯ ಮತ್ತು ಉಳಿತಾಯವನ್ನು. ಶೇ 13ರಷ್ಟು ಮನೆಗಳು ಸಾಲವನ್ನು ನೆಚ್ಚಿದ್ದವು. ಉಳಿತಾಯ ಎಂದಾಗ ಬ್ಯಾಂಕಿನಲ್ಲಿದ್ದ ದುಡ್ಡು ಎಂದಷ್ಟೇ ಅಂದುಕೊಳ್ಳಬೇಡಿ. ಬಿತ್ತನೆಗೆ ಇಟ್ಟಿದ್ದದ್ದು, ಮದುವೆಗೆ ಕೂಡಿಟ್ಟಿದ್ದದ್ದು, ಮಗನ ಫೀಸಿನದ್ದು ಎಲ್ಲ ಅದರಲ್ಲೇ ಸೇರಿದೆ.

ಇಲ್ಲಿ ಹೋಲಿಸಿರುವುದು ಕರ್ನಾಟಕದ ಮನೆಗಳಿಗೆ ಇರುವ ದಾರಿಗಳನ್ನು. ಸರ್ಕಾರಿ ನೌಕರರ ವೈದ್ಯಕೀಯ ವ್ಯವಸ್ಥೆ ಬೇರೆಯದೇ ಆದ್ದರಿಂದ ಅದನ್ನು ಬಿಟ್ಟಿದ್ದೇವೆ.

ಸರ್ಕಾರಿ ಆಸ್ಪತ್ರೆಯೋ, ಖಾಸಗಿಯೋ

ಅದೇ ಸಮೀಕ್ಷೆಯಲ್ಲಿ, ಹೆರಿಗೆ ಬಿಟ್ಟು, ಒಂದು ಸಲ ಒಳರೋಗಿಯಾಗಿ ದಾಖಲಾದರೆ ಆಗುವ ಸರಾಸರಿ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಏಳು ಪಟ್ಟು. ಈಗ ಎರಡೂ ಮೊತ್ತ ಏರಿರುತ್ತವೆ, ನೋಡಬೇಕಾದದ್ದು ನಡುವಿನ ಅಂತರವನ್ನು.

ಸರ್ಕಾರಿ ಎಂದರೆ ಒಂದೇ ದರ್ಜೆ ಎಂದು ತಿಳಿಯುವುದು ದುಬಾರಿ ತಪ್ಪು. ಹೃದಯಕ್ಕೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಸಂಸ್ಥೆ ಇದೆ. ಕ್ಯಾನ್ಸರಿಗೆ ಕಿದ್ವಾಯಿ, ನರ ಮತ್ತು ಮಿದುಳಿಗೆ ನಿಮ್ಹಾನ್ಸ್, ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಮೂತ್ರಪಿಂಡಕ್ಕೆ ವಿಕ್ಟೋರಿಯಾ ಆವರಣದ ನೆಫ್ರೋ-ಯೂರಾಲಜಿ ಸಂಸ್ಥೆ ಇವೆ. ಇಂಥ ಕಡೆ ದಿನಕ್ಕೆ ಬರುವ ರೋಗಿಗಳ ಸಂಖ್ಯೆಯೇ ವೈದ್ಯರ ಕೈ ಪಳಗಿಸಿರುತ್ತದೆ. ಕಾಯುವುದು ಮಾತ್ರ ಹೆಚ್ಚು.

ಹೃದಯಾಘಾತದಲ್ಲಿ ಕಾಯಲು ಸಮಯವಿಲ್ಲ. ಅಲ್ಲಿ ದೂರದ ದೊಡ್ಡ ಆಸ್ಪತ್ರೆಗಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಯೇ ಮೊದಲ ಬಾಗಿಲಾಗಬಹುದು. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸಿ, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದರ ಬೆಲೆ ಹತ್ತಾರು ಸಾವಿರ. ಅದನ್ನು ಕೊಡಿಸಿಕೊಂಡು, ಚೀಟಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋದರೆ ಜೀವವೂ ಉಳಿಯುತ್ತದೆ, ರೆಫರಲ್ ಕಾಗದವೂ ಕೈಯಲ್ಲಿರುತ್ತದೆ.

ಉಚಿತ ಚಿಕಿತ್ಸೆಗೂ ಬಿಲ್ಲು ಇದೆ, ಅದು ಕಾಗದದ ಮೇಲೆ ಬರುವುದಿಲ್ಲ ಅಷ್ಟೆ. ಡಯಾಲಿಸಿಸ್ ನೋಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಉಚಿತ. ವಾರಕ್ಕೆ ಮೂರು ಸಲ, ಒಂದೊಂದು ಸಲ ಸುಮಾರು ನಾಲ್ಕು ಗಂಟೆ, ವರ್ಷಕ್ಕೆ 156 ಸಲ. ಜೊತೆಗೆ ಹೋಗುವ ಹೆಂಡತಿಗೋ ಮಗನಿಗೋ ಅಷ್ಟೂ ದಿನ ಕೂಲಿ ತಪ್ಪುತ್ತದೆ. ದಿನಗೂಲಿ 400 ರೂಪಾಯಿ ಎಂದಿಟ್ಟುಕೊಂಡರೂ 62,400 ರೂಪಾಯಿ, ಮೇಲೆ ಇಬ್ಬರ ಬಸ್ ಚಾರ್ಜು. ಹಾಗಾಗಿ ಡಯಾಲಿಸಿಸ್ ಕೇಂದ್ರ ಆರಿಸುವಾಗ ಕಟ್ಟಡ ನೋಡಬೇಡಿ, ದೂರ ನೋಡಿ, ಪಾಳಿ ನೋಡಿ. ಬೆಳಗಿನ ಮೊದಲ ಪಾಳಿ ಸಿಕ್ಕರೆ ಜೊತೆಗಾರರಿಗೆ ಅರ್ಧ ದಿನದ ದುಡಿಮೆಯಾದರೂ ಉಳಿಯುತ್ತದೆ. ಹತ್ತಿರದ ಕೇಂದ್ರದಲ್ಲಿ ಜಾಗವಿಲ್ಲ ಎಂದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಅಲ್ಲಿಯವರೆಗೆ ದೂರದಲ್ಲಿ ಮಾಡಿಸಿ. ಒಮ್ಮೆ ದೂರದ್ದಕ್ಕೆ ಹೊಂದಿಕೊಂಡ ಮೇಲೆ ಬದಲಾಯಿಸುವವರು ಕಡಿಮೆ, ಬಸ್ ಚಾರ್ಜು ಮಾತ್ರ ವರ್ಷಗಟ್ಟಲೆ ಹೋಗುತ್ತಲೇ ಇರುತ್ತದೆ.

ಆರೋಗ್ಯ ಕರ್ನಾಟಕ: ಹೆಚ್ಚಿನವರಿಗೆ ಇದೇ ಮೊದಲ ಬಾಗಿಲು

2018ರ ಮಾರ್ಚ್‌ನಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಜೊತೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30ರಷ್ಟನ್ನು ಟ್ರಸ್ಟ್ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ದಾಟದಂತೆ.

ಆ ಶೇ 30 ಕೇಳಿ ಎಪಿಎಲ್‌ನವರು ಮೂಗು ಮುರಿಯುತ್ತಾರೆ. ಲೆಕ್ಕ ಹಾಕಿದರೆ ಅದು ಸಣ್ಣದೇನಲ್ಲ. ಯೋಜನೆಯ ದರ ಒಂದು ಲಕ್ಷ ಇರುವ ಚಿಕಿತ್ಸೆಗೆ ಅದೇ ಆಸ್ಪತ್ರೆ ಹೊರಗಿನವರಿಗೆ ಎರಡು ಲಕ್ಷ ಹಾಕುತ್ತದೆ ಎಂದಿಟ್ಟುಕೊಳ್ಳಿ. ಯೋಜನೆಯಡಿ ದಾಖಲಾದರೆ ನೀವು ಕೊಡುವುದು ಒಂದು ಲಕ್ಷದ ಶೇ 70, ಅಂದರೆ 70,000. ಉಳಿದದ್ದು 30,000 ಅಲ್ಲ, 1,30,000. ನೋಡಬೇಕಾದದ್ದು ಶೇಕಡಾವಾರನ್ನಲ್ಲ, ಯಾವ ದರದ ಮೇಲೆ ಆ ಶೇಕಡಾ ಎಂಬುದನ್ನು.

ಈ ಬಗೆಯ ಯೋಜನೆ ಬರೀ ದುಡ್ಡು ಉಳಿಸುವುದಿಲ್ಲ. ಇದರ ಹಿಂದಿನ ರೂಪವಾದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಜಾರಿಯಾದಾಗ, ಯೋಜನೆ ಇದ್ದ ಮತ್ತು ಇಲ್ಲದ ಹಳ್ಳಿಗಳನ್ನು ಹೋಲಿಸಿ ಅಧ್ಯಯನ ನಡೆಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆ ವರದಿಯಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತ ಬಡವರ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ದುಡ್ಡಿಲ್ಲದವರು ಬಿಲ್ಲು ಕಟ್ಟಲಾಗದೆ ನರಳುವುದು ಕಣ್ಣಿಗೆ ಕಾಣುತ್ತದೆ. ಬಿಲ್ಲಿನ ಭಯಕ್ಕೆ ಆಸ್ಪತ್ರೆಗೇ ಹೋಗದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಡೆಯುವ ಕ್ರಮ ಹೀಗೆ: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲವೆಂದರೆ ಅವರು ರೆಫರಲ್ ಕೊಡುತ್ತಾರೆ. ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಿ ಅಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಬೇಕು. ರೇಷನ್ ಕಾರ್ಡು, ಆಧಾರ್ ಕೊಟ್ಟರೆ ಅವರು ಟ್ರಸ್ಟಿಗೆ ಪೂರ್ವಾನುಮತಿಗೆ ಕಳಿಸುತ್ತಾರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ, ನೇರ ದಾಖಲಾಗಬಹುದು.

ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಆಸ್ಪತ್ರೆ ನೋಂದಾಯಿತವಾಗಿರುತ್ತದೆ, ಆದರೆ ನಿಮಗೆ ಬೇಕಾದ ವಿಭಾಗಕ್ಕೆ ಅಲ್ಲ. ಕಣ್ಣಿಗೆ ಇದೆ, ಹೃದಯಕ್ಕಿಲ್ಲ. ಆದ್ದರಿಂದ ‘ನಿಮ್ಮಲ್ಲಿ ಆಯುಷ್ಮಾನ್ ಇದೆಯಾ’ ಎಂದು ಕೇಳಿದರೆ ಸಾಲದು, ‘ಈ ಆಪರೇಷನ್ನಿಗೆ ಇದೆಯಾ’ ಎಂದು ಕೇಳಬೇಕು. 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿಯೂ ಖಚಿತ ಮಾಡಿಕೊಳ್ಳಬಹುದು. ಇನ್ನೊಂದು, ಜನರಲ್ ವಾರ್ಡ್ ಬಿಟ್ಟು ಬೇರೆ ರೂಮು ಕೇಳಿದ ಕೂಡಲೇ ಯೋಜನೆ ಕೈಬಿಡುತ್ತದೆ. ‘ಅಪ್ಪನಿಗೆ ಸ್ವಲ್ಪ ಆರಾಮಾಗಿರಲಿ’ ಎಂದು ತೆಗೆದುಕೊಂಡ ರೂಮು ಕೊನೆಗೆ ಲಕ್ಷಗಳ ಲೆಕ್ಕದಲ್ಲಿ ಬೀಳುವುದು ಹೀಗೆ. ಮೂರನೆಯದು ಹೆಸರಿನ ಗೊಡವೆ. ಹೊಸ ಸೊಸೆಯ, ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿಸಿರುವುದಿಲ್ಲ, ಅಥವಾ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಇದನ್ನು ಆರೋಗ್ಯವಾಗಿರುವಾಗಲೇ ಸರಿಪಡಿಸಿಕೊಳ್ಳಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಮನೆಯ ಪ್ರತಿಯೊಬ್ಬರ ಆರೋಗ್ಯ ಕಾರ್ಡನ್ನೂ ಈಗಲೇ ಮಾಡಿಸಿಟ್ಟರೆ ಆ ರಾತ್ರಿ ಒಂದು ಓಡಾಟ ಕಡಿಮೆ.

ಎಲ್ಲಕ್ಕಿಂತ ದುಬಾರಿಯಾದದ್ದು ಮೊದಲೇ ನಗದು ರೋಗಿಯಾಗಿ ದಾಖಲಾಗುವುದು. ಬಿಲ್ಲಿಂಗ್ ಕೌಂಟರಿನಲ್ಲಿ ‘ಕ್ಯಾಶಾ, ಸ್ಕೀಮಾ’ ಎಂದು ಕೇಳಿದಾಗ ಕ್ಯಾಶ್ ಎಂದು ಬರೆಸಿದರೆ, ಎರಡು ದಿನದ ಮೇಲೆ ಬದಲಾಯಿಸಲು ಪರದಾಡಬೇಕಾಗುತ್ತದೆ. ಕಾರ್ಡು ಮನೆಯಲ್ಲಿ ಬಿಟ್ಟುಬಂದಿದ್ದರೆ ವಾಟ್ಸಾಪಿನಲ್ಲಿ ಫೋಟೋ ತರಿಸಿ, ದಾಖಲಾಗುವ ಹೊತ್ತಿನಲ್ಲೇ ‘ಸ್ಕೀಮ್’ ಎಂದು ಬರೆಸಿ, ಆರೋಗ್ಯಮಿತ್ರರ ಕೈಗೆ ಕೊಡಿ.

ಅಪಘಾತದ್ದು ಬೇರೆ ದಾರಿ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 7 ದಿನದ ಚಿಕಿತ್ಸೆಗೆ 1.5 ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಸಿಗುತ್ತದೆ. ಬಿಪಿಎಲ್, ಎಪಿಎಲ್ ಪ್ರಶ್ನೆ ಇಲ್ಲ. ಪೊಲೀಸರಿಗೆ ಮಾಹಿತಿ ಹೋಗಿರಬೇಕು.

ಯಶಸ್ವಿನಿ

ಸಹಕಾರ ಸಂಘದ ಸದಸ್ಯರಿಗೆ ಮಾತ್ರ. 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ, 2022ರಲ್ಲಿ ಮತ್ತೆ ಬಂತು. ಮರಳಿ ಬಂದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ, ಮಿತಿ ವರ್ಷಕ್ಕೆ 5 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರ ಕಟ್ಟುತ್ತದೆ.

ಇದರ ನಿಜವಾದ ಗಿರಾಕಿ ಬಿಪಿಎಲ್ ಕಾರ್ಡು ಕಳೆದುಕೊಂಡ ಸಣ್ಣ ರೈತ, ಹಾಲಿನ ಡೈರಿಗೆ ಹಾಲು ಹಾಕುವ ಮನೆ. ಅಂಥವರಿಗೆ ಶೇ 30ರ ದಾರಿಗಿಂತ ಇದು ಎಷ್ಟೋ ಮೇಲು. ಹೆಸರು ನೋಂದಣಿಗೆ ವರ್ಷಕ್ಕೊಂದೇ ಅವಧಿ. ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಸಂಘದ ಕಾರ್ಯದರ್ಶಿ ಮರೆತಿದ್ದಾರೆಂದು ಕುಟುಂಬಕ್ಕೆ ಗೊತ್ತಾಗುವುದು ಆಸ್ಪತ್ರೆಯಲ್ಲಿ. ರಸೀದಿ ಕೇಳಿ ಪಡೆದು ಇಟ್ಟುಕೊಳ್ಳಿ.

ಇಎಸ್‌ಐ: ಕೂಲಿ ತಪ್ಪಿದ್ದಕ್ಕೂ ದುಡ್ಡು ಕೊಡುವ ಒಂದೇ ದಾರಿ

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ, ನೋಂದಾಯಿತ ಸಂಸ್ಥೆಯ ಕೆಲಸಗಾರರಿಗೆ ಇರುವ ಸರ್ಕಾರಿ ವಿಮೆ ಇದು. ಸಂಬಳದ ಶೇ 0.75 ಕೆಲಸಗಾರರಿಂದ, ಶೇ 3.25 ಮಾಲೀಕರಿಂದ. 15,000 ಸಂಬಳವಾದರೆ ನಿಮ್ಮಿಂದ ಕಡಿತವಾಗುವುದು 112 ರೂಪಾಯಿ ಚಿಲ್ಲರೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ತನ್ನಲ್ಲಿ ಇಲ್ಲದ ಚಿಕಿತ್ಸೆಗೆ ಇಎಸ್‌ಐ ಆಸ್ಪತ್ರೆಯೇ ಹೊರಗೆ ಕಳಿಸುತ್ತದೆ.

ಮೇಲಿನ ಯಾವ ಯೋಜನೆಯೂ ಮಾಡದ ಒಂದು ಕೆಲಸವನ್ನು ಇದು ಮಾಡುತ್ತದೆ. ಕಾಯಿಲೆ ಬಿದ್ದ ದಿನಗಳಿಗೆ ಸಂಬಳದ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತದೆ. ಕ್ಯಾನ್ಸರ್, ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ವಿಸ್ತರಣೆ ಇದೆ. ಬೆಂಗಳೂರಿನ ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯೂರಿಟಿ ಕೆಲಸದವರು ಬಹಳಷ್ಟು ಮಂದಿ ಪ್ರತಿ ತಿಂಗಳು ಕಡಿತ ಕೊಡುತ್ತಾರೆ, ಕಾರ್ಡು ಪಡೆದಿರುವುದಿಲ್ಲ. ಪೇ ಸ್ಲಿಪ್ಪಿನಲ್ಲಿ ಕಡಿತ ಇದೆಯೇ, ಇಎಸ್‌ಐ ಸಂಖ್ಯೆ ಇದೆಯೇ, ಕುಟುಂಬದವರ ಹೆಸರು ಸೇರಿದೆಯೇ ನೋಡಿ. ಕಾಯಿಲೆ ರಜೆಯ ಪ್ರಮಾಣಪತ್ರವನ್ನು ಇಎಸ್‌ಐ ವೈದ್ಯರಿಂದಲೇ ಬರೆಸಬೇಕು. ಹೊರಗಿನ ಡಾಕ್ಟರ ಚೀಟಿ ತಂದು ಆಮೇಲೆ ಅಲೆಯುವುದೇ ಇಲ್ಲಿ ಮಾಮೂಲಿ ಗೋಳು. ಕೆಲಸ ಬಿಟ್ಟ ಕೂಡಲೇ ಸೌಲಭ್ಯ ನಿಲ್ಲುವುದಿಲ್ಲ. ಕಟ್ಟಿದ ವಂತಿಗೆಯ ಲೆಕ್ಕದ ಮೇಲೆ ಕೆಲವು ತಿಂಗಳು ಮುಂದುವರಿಯುತ್ತದೆ, ರಾಜೀನಾಮೆ ಕೊಡುವ ಮೊದಲು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಟ್ಟಡ ಕಾರ್ಮಿಕರಿಗೆ ಇಎಸ್‌ಐ ಇಲ್ಲದಿದ್ದರೂ ಕಲ್ಯಾಣ ಮಂಡಳಿಯ ಕಾರ್ಡು ಇದ್ದರೆ ದೊಡ್ಡ ಕಾಯಿಲೆಗಳಿಗೆ ಪ್ರತ್ಯೇಕ ಧನಸಹಾಯವಿದೆ. ಕಾರ್ಡು ನವೀಕರಣವಾಗಿರಬೇಕು.

ಖಾಸಗಿ ವಿಮೆ

ಆಸ್ಪತ್ರೆಯಲ್ಲಿ ಮಲಗಿರುವಾಗ ಕೊಳ್ಳಲಾಗದ ವಸ್ತು ಇದು. ಪಾಲಿಸಿ ತೆಗೆದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. 2024ರ ಏಪ್ರಿಲ್‌ಗೆ ಮೊದಲು ಇದು 4 ವರ್ಷವಿತ್ತು. ಐದು ವರ್ಷ ಬಿಡದೆ ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ‘ಕಾಯಿಲೆ ಮುಚ್ಚಿಟ್ಟಿದ್ದೀರಿ’ ಎಂದು ಕಂಪನಿ ತಿರಸ್ಕರಿಸುವಂತಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದೆಯೆಂದು ಏಜೆಂಟ್ ಬೇಡವೆಂದರೂ ಬರೆಸಿ. ಪ್ರೀಮಿಯಂ ಹೆಚ್ಚಾಗಬಹುದು, ಆದರೆ ಬರೆಸದ ಪಾಲಿಸಿ ಬೇಕಾದ ದಿನ ಕೆಲಸಕ್ಕೆ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಹಿಂದೆ ಶೇ 18 ಇತ್ತು.

ಪಾಲಿಸಿ ಇದ್ದೂ ಜನ ಸಾಲಕ್ಕೆ ಬೀಳುವುದು ಮುಖ್ಯವಾಗಿ ರೂಮ್ ಬಾಡಿಗೆಯ ಷರತ್ತಿನಲ್ಲಿ. 3 ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಶೇ 1 ಅಂದರೆ 3,000 ಮಿತಿ ಎಂದುಕೊಳ್ಳಿ. ನೀವು 6,000ದ ರೂಮು ತೆಗೆದುಕೊಂಡು ಐದು ದಿನ ಇದ್ದಿರಿ. ಬಾಡಿಗೆ 30,000, ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,60,000, ಔಷಧ ಮತ್ತು ಇಂಪ್ಲಾಂಟ್ 70,000. ಒಟ್ಟು 2,60,000. ‘3 ಲಕ್ಷದ ಒಳಗೇ ಇದೆ, ಎಲ್ಲ ಬರುತ್ತೆ’ ಎಂದು ಮನೆಯವರು ನಿಶ್ಚಿಂತೆಯಿಂದ ಇರುತ್ತಾರೆ. ಕಂಪನಿ ಬಾಡಿಗೆಯಲ್ಲಿ ಅರ್ಧ ಕೊಡುತ್ತದೆ, ಅದೇ ಅನುಪಾತದಲ್ಲಿ ಸರ್ಜನ್ ಇತ್ಯಾದಿಯಲ್ಲೂ ಅರ್ಧ ಕೊಡುತ್ತದೆ. ಔಷಧ, ಇಂಪ್ಲಾಂಟ್‌ಗಳಿಗೆ ಈ ಕಡಿತ ಹಾಕುವಂತಿಲ್ಲ. ಹಾಗಾಗಿ 15,000, 80,000, 70,000 ಸೇರಿ 1,65,000 ಬರುತ್ತದೆ. ಉಳಿದ 95,000 ಡಿಸ್ಚಾರ್ಜ್ ದಿನ ಸಂಜೆ ಹೊಂದಿಸಬೇಕು. ದಿನಕ್ಕೆ 3,000 ಹೆಚ್ಚಿನ ರೂಮಿಗೆ ತೆತ್ತದ್ದು ಅಷ್ಟು. ಪಾಲಿಸಿ ಕೊಳ್ಳುವಾಗ ರೂಮ್ ಮಿತಿ ಇಲ್ಲದ್ದನ್ನು ಆರಿಸಿ; ಅದಕ್ಕೆ ಕೈ ಸಾಲದಿದ್ದರೆ ದಾಖಲಾಗುವಾಗ ಆಸ್ಪತ್ರೆಯಲ್ಲಿ ವಿಮೆಯ ವ್ಯವಹಾರ ನೋಡುವ ಟಿಪಿಎ ಡೆಸ್ಕಿನಲ್ಲಿ ನಿಮ್ಮ ಮಿತಿ ಕೇಳಿ, ಅದರೊಳಗಿನ ರೂಮೇ ತೆಗೆದುಕೊಳ್ಳಿ.

ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು 2024ರಲ್ಲಿ ವಿಮಾ ಪ್ರಾಧಿಕಾರ ಹೇಳಿದೆ. ತಡವಾದರೆ ಆಸ್ಪತ್ರೆ ಹಾಕುವ ಹೆಚ್ಚುವರಿ ಶುಲ್ಕ ಕಂಪನಿಯದ್ದೇ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ಮೊದಲು ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ವಕೀಲರು ಬೇಡ.

ಬಿಪಿಎಲ್ ಮನೆಯವರು ಹೊಟ್ಟೆ ಕಟ್ಟಿ ಖಾಸಗಿ ವಿಮೆ ಕಟ್ಟುವ ಮೊದಲು ಮನೆಯವರೆಲ್ಲರ ಆರೋಗ್ಯ ಕಾರ್ಡು ಸರಿಯಿದೆಯೇ ನೋಡಿಕೊಳ್ಳಲಿ. ಎಪಿಎಲ್, ಇಎಸ್‌ಐ ಇಲ್ಲ, ಸಂಘದ ಸದಸ್ಯತ್ವವೂ ಇಲ್ಲ ಎಂಬ ಮನೆಗೆ, ಅಂದರೆ 25 ಸಾವಿರ ಸಂಬಳದ ಅಂಗಡಿ ನೌಕರ, ಆಟೊ ಓಡಿಸುವವರು, ಸಣ್ಣ ಖಾಸಗಿ ಶಾಲೆಯ ಶಿಕ್ಷಕಿಗೆ, ವಿಮೆ ಬಿಟ್ಟರೆ ಬೇರೆ ಆಸರೆ ಕಡಿಮೆ. ಒಂದು ದೊಡ್ಡ ಕಾಯಿಲೆ ಬಡತನಕ್ಕೆ ತಳ್ಳುವುದು ಹೆಚ್ಚಾಗಿ ಇವರನ್ನೇ.

ಸಾಲವೇ ಗತಿಯಾದರೆ

ಎರಡು ಲಕ್ಷ ಬೇಕೆಂದುಕೊಳ್ಳಿ. ಬ್ಯಾಂಕಿನಲ್ಲಿ ವರ್ಷಕ್ಕೆ ಶೇ 10ರ ಒಡವೆ ಸಾಲವಾದರೆ ವರ್ಷದ ಬಡ್ಡಿ 20,000. ಊರಿನಲ್ಲಿ ನೂರಕ್ಕೆ ಮೂರು ರೂಪಾಯಿಯ ಸಾಲವಾದರೆ ತಿಂಗಳಿಗೆ 6,000, ವರ್ಷಕ್ಕೆ 72,000. ನೂರಕ್ಕೆ ಐದಾದರೆ 1,20,000. ಎರಡು ವರ್ಷ ಬಡ್ಡಿಯನ್ನಷ್ಟೇ ಕಟ್ಟಿದರೂ ಅಸಲು ಹಾಗೇ ಕೂತಿರುತ್ತದೆ. ‘ಮೂರು ರೂಪಾಯಿ’ ಎಂದಾಗ ಸಣ್ಣದಾಗಿ ಕೇಳಿಸುತ್ತದೆ. ಶೇ 36 ಎಂದು ಹೇಳಿಕೊಂಡೇ ಯೋಚಿಸಬೇಕು. ರಾಜ್ಯದಲ್ಲಿ ಲೇವಾದೇವಿದಾರರು ಹಾಕಬಹುದಾದ ಬಡ್ಡಿಗೆ ಮಿತಿ ಇದೆ: ಅಡಮಾನವಿದ್ದರೆ ವರ್ಷಕ್ಕೆ ಶೇ 14, ಇಲ್ಲದಿದ್ದರೆ ಶೇ 16.

ಪಿಎಫ್ ಇದ್ದರೆ ಮೊದಲು ಅದು. ಕಾಯಿಲೆಯ ಕಾರಣಕ್ಕೆ ತೆಗೆದ ಮುಂಗಡವನ್ನು ತಿರುಗಿ ಕಟ್ಟಬೇಕಿಲ್ಲ, ಆನ್‌ಲೈನಿನಲ್ಲೇ ಅರ್ಜಿ. ಪಿಎಫ್ ಸದಸ್ಯರ ಸಂಖ್ಯೆಯಾದ ಯುಎಎನ್‌ಗೆ ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾಗಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಅದರ ನಂತರ ಬ್ಯಾಂಕಿನ ಠೇವಣಿ ಅಥವಾ ಎಲ್‌ಐಸಿ ಪಾಲಿಸಿ ಮೇಲಿನ ಸಾಲ, ಆಮೇಲೆ ಒಡವೆ.

ಒಡವೆಯನ್ನು ಮಾರುವುದಕ್ಕಿಂತ ಅಡವಿಡುವುದು ಮೇಲು. ಆದರೆ ಒಂದು ವರ್ಷದೊಳಗೆ ಬಿಡಿಸಿಕೊಳ್ಳುವ ದಾರಿ ಕಾಣುತ್ತಿದ್ದರೆ ಮಾತ್ರ. ಇಲ್ಲದಿದ್ದರೆ ಬಡ್ಡಿ ಕಟ್ಟಿ ಕಟ್ಟಿ ಕೊನೆಗೆ ಹರಾಜಿಗೆ ಬಿಡುವುದಕ್ಕಿಂತ, ಅಷ್ಟು ಗ್ರಾಂ ಮಾರಿ ಉಳಿದದ್ದನ್ನು ಉಳಿಸಿಕೊಳ್ಳುವುದು ಲಾಭ. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುವ ಸಾಲವನ್ನು ಕೇಳಿ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವುದು ಕಟ್ಟುವ ದಿನದವರೆಗೆ ಹಗುರ ಅನ್ನಿಸುತ್ತದೆ, ಅಷ್ಟೆ. ತೂಕ, ಕಳೆದ ಕಲ್ಲಿನ ತೂಕ, ಎಷ್ಟು ಕ್ಯಾರೆಟ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ನೊಂದು ಮಾತು. ಮನೆಯಲ್ಲಿ ಮೊದಲು ಗಿರವಿಗೆ ಹೋಗುವುದು ಹೆಂಗಸರ ಒಡವೆ. ಬಹಳ ಮನೆಗಳಲ್ಲಿ ಅದು ಅವರ ಹೆಸರಿಗಿರುವ ಒಂದೇ ಆಸ್ತಿ. ಅವರನ್ನು ಕೇಳಿ, ಸಾಲವನ್ನು ಅವರ ಹೆಸರಿನಲ್ಲೇ ಮಾಡಿಸಿ; ಬಿಡಿಸಿಕೊಂಡಾಗ ಒಡವೆ ಅವರ ಕೈಗೇ ಬರುತ್ತದೆ.

ದುಡಿದು ತಂದುಕೊಡುವ ವಸ್ತುವನ್ನು ಕೊನೆಯವರೆಗೆ ಮುಟ್ಟಬಾರದು: ಕರೆಯುವ ಹಸು, ಆಟೊ, ಹೊಲಿಗೆ ಯಂತ್ರ, ನೀರಾವರಿ ಇರುವ ಗದ್ದೆ. ಜಮೀನು ಮಾರಲೇಬೇಕಾದರೂ ರೋಗಿ ಐಸಿಯುನಲ್ಲಿರುವಾಗ ಮಾರಬೇಡಿ. ಕೊಳ್ಳುವವನಿಗೆ ನಿಮ್ಮ ಅವಸರ ಗೊತ್ತಿರುತ್ತದೆ, ಬೆಲೆ ಅದರ ಮೇಲೇ ನಿಲ್ಲುತ್ತದೆ. ಕೆಲವು ತಿಂಗಳ ಮಟ್ಟಿಗೆ ಒಡವೆ ಸಾಲದಲ್ಲಿ ದಾಟಿ, ಆಮೇಲೆ ನಿಧಾನಕ್ಕೆ ಮಾರಿದರೆ ಬಡ್ಡಿ ಕಳೆದೂ ಹೆಚ್ಚು ಕೈಗೆ ಬರಬಹುದು. ಭೋಗ್ಯಕ್ಕೆ ಹಾಕುವುದಾದರೆ ಅವಧಿ, ಮೊತ್ತ, ಬಿಡಿಸಿಕೊಳ್ಳುವ ಷರತ್ತು ಬರೆದು ನೋಂದಣಿ ಮಾಡಿಸಿ. ಬಾಯಿಮಾತಿನ ಭೋಗ್ಯ ಒಂದು ತಲೆಮಾರು ಕಳೆದ ಮೇಲೆ ಕೋರ್ಟಿಗೆ ಹೋಗುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ‘ಅಗ್ರಿಮೆಂಟ್ ಮಾಡಿಕೊಳ್ಳೋಣ’ ಎಂದು ಬರುವವರು ಕೊಡುವುದು ಅರೆಬೆಲೆಯನ್ನು.

ಮೊಬೈಲ್ ಆ್ಯಪ್‌ಗಳ ಸಾಲ ಹತ್ತು ನಿಮಿಷದಲ್ಲಿ ಸಿಗುತ್ತದೆ. ಶುಲ್ಕ ಮುರಿದುಕೊಂಡು ಕಡಿಮೆ ಕೊಟ್ಟು, ಪೂರ್ತಿ ಮೊತ್ತಕ್ಕೆ ಬಡ್ಡಿ ಹಾಕುತ್ತವೆ. ವಾರದ ಕಂತಿನ ಗುಂಪು ಸಾಲದಲ್ಲಿ ಇನ್ನೊಂದು ತೊಡಕು: ಆಸ್ಪತ್ರೆಯಲ್ಲಿರುವ ವಾರ ಕಂತು ತಪ್ಪಿದರೆ ಗುಂಪಿನ ಉಳಿದ ಹೆಂಗಸರು ಕಟ್ಟಬೇಕು. ಹೀಗೆ ಕಾಯಿಲೆ ಒಂದು ಮನೆಯಿಂದ ಹತ್ತು ಮನೆಯ ಜಗಳವಾಗುತ್ತದೆ. ವಸೂಲಿ ಕಿರುಕುಳಕ್ಕೆ ಜನ ಊರು ಬಿಟ್ಟು, ಪ್ರಾಣ ಕಳೆದುಕೊಂಡ ಪ್ರಕರಣಗಳ ನಂತರ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮನೆ ಮುಂದೆ ಕೂರುವುದು, ರೌಡಿಗಳನ್ನು ಕಳಿಸುವುದು ಇದ್ದರೆ ಠಾಣೆಗೆ ದೂರು ಕೊಡಿ. ನೋಡಿಕೊಳ್ಳುವವರಿಗೆ ನಿದ್ದೆ ಕೆಟ್ಟು, ಬದುಕೇ ಬೇಡ ಅನ್ನಿಸತೊಡಗಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ನೆರವು ನಿಧಿಗಳು, ಜನರಿಂದ ಸಂಗ್ರಹ

ಇವನ್ನು ನಂಬಿ ಯಾವುದೇ ಚಿಕಿತ್ಸೆ ಶುರು ಮಾಡಬಾರದು. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಆದರೆ ಕ್ರಮ ತಿಳಿದಿರಬೇಕು. ಕೇಂದ್ರದ ರಾಷ್ಟ್ರೀಯ ಆರೋಗ್ಯ ನಿಧಿ ಬಡತನ ರೇಖೆಗಿಂತ ಕೆಳಗಿನವರಿಗೆ, ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ; ಈಗಾಗಲೇ ಆದ ಖರ್ಚನ್ನು ಅದು ಮರಳಿ ಕೊಡುವುದಿಲ್ಲ. ಪ್ರಧಾನ ಮಂತ್ರಿ ನಿಧಿಗೂ ಚಿಕಿತ್ಸೆಗೆ ಮೊದಲು ಆಸ್ಪತ್ರೆಯ ಅಂದಾಜು ಪತ್ರದೊಂದಿಗೆ ಅರ್ಜಿ ಹಾಕಬೇಕು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿಯ ಜೊತೆ ಆಧಾರ್, ರೇಷನ್ ಕಾರ್ಡು, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಪಾಸ್‌ಬುಕ್ ಪ್ರತಿ ಇಟ್ಟುಕೊಳ್ಳಿ. ವಿಮೆಗೂ ಮೂಲ ಬಿಲ್ಲೇ ಬೇಕಾಗುತ್ತದೆ. ಆದ್ದರಿಂದ ಡಿಸ್ಚಾರ್ಜ್ ದಿನವೇ ಆಸ್ಪತ್ರೆಯ ಸೀಲು, ಸಹಿ ಇರುವ ಎರಡು ಸೆಟ್ ನಕಲು ಮಾಡಿಸಿ.

ಆನ್‌ಲೈನ್ ಸಂಗ್ರಹದಲ್ಲಿ ಶುಲ್ಕ ಎಷ್ಟು ಮುರಿಯುತ್ತಾರೆ, ದುಡ್ಡು ನೇರ ಆಸ್ಪತ್ರೆಯ ಖಾತೆಗೆ ಹೋಗುತ್ತದೆಯೇ ನೋಡಿ. ನಗರದಲ್ಲಿ ಪರಿಚಯದವರು ಹೆಚ್ಚಿರುವ ಮನೆಗೆ ಇದು ಫಲಿಸುತ್ತದೆ, ಹಳ್ಳಿಯವರಿಗೆ ಕಡಿಮೆ. ಮಗುವಿನ ಫೋಟೋ ಒಮ್ಮೆ ಹರಿದಾಡಿದರೆ ವಾಪಸ್ ತೆಗೆಯಲಾಗದು.

ಚಿಕಿತ್ಸೆಯ ನಡುವೆ ದುಡ್ಡು ಮುಗಿದರೆ

ದಾಖಲಾದ ದಿನವೇ ಆಸ್ಪತ್ರೆಯಲ್ಲಿ ಮೂರು ಮೊತ್ತ ಕೇಳಿ: ಒಟ್ಟು ಅಂದಾಜು, ಐಸಿಯುನ ಒಂದು ದಿನದ ಖರ್ಚು, ಅಂದಾಜಿಗೆ ಸೇರದ ವಸ್ತುಗಳು. ಪ್ರತಿದಿನ ವಿವರವಾದ ಬಿಲ್ಲು ಕೇಳುವುದು ನಿಮ್ಮ ಹಕ್ಕು. ಸ್ಟೆಂಟ್‌ನಂಥ ಸಾಧನಗಳಿಗೆ 2017ರ ಫೆಬ್ರುವರಿಯಿಂದ ಸರ್ಕಾರ ನಿಗದಿ ಮಾಡಿದ ಗರಿಷ್ಠ ಬೆಲೆ ಇದೆ. ಬಿಲ್ಲಿನಲ್ಲಿ ಸ್ಟೆಂಟ್ ಬೆಲೆ, ಕಂಪನಿ, ಬ್ಯಾಚ್ ಬೇರೆಯಾಗಿ ಕಾಣಬೇಕು.

ಐಸಿಯುನ ದಿನದ ಖರ್ಚಿನಿಂದ ಕೈಯಲ್ಲಿರುವ ದುಡ್ಡನ್ನು ಭಾಗಿಸಿ. ಉತ್ತರ ಐದು ದಿನ ಎಂದು ಬಂದರೆ, ಮೂರನೇ ದಿನವೇ ಸರ್ಕಾರಿ ಆಸ್ಪತ್ರೆಗೆ ಸ್ಥಳಾಂತರದ ಮಾತು ತೆಗೆಯಬೇಕು. ಐದನೇ ದಿನ ರಾತ್ರಿ ದುಡ್ಡಿಲ್ಲದೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು ಸಹಿ ಹಾಕಿ ಮನೆಗೆ ತರುವವರು ಬಹಳ ಮಂದಿ. ಆ ಕಾಗದದ ಬದಲು ರೆಫರ್ ಪತ್ರ ಕೇಳಿ: ಈವರೆಗಿನ ಚಿಕಿತ್ಸೆ, ಕೊಟ್ಟ ಔಷಧ, ಸ್ಕ್ಯಾನ್ ವರದಿ, ಎಷ್ಟು ಆಮ್ಲಜನಕದಲ್ಲಿದ್ದಾರೆ ಎಂಬುದೆಲ್ಲ ಅದರಲ್ಲಿರಬೇಕು. ಹೋಗುವ ಕಡೆ ವೆಂಟಿಲೇಟರ್ ಹಾಸಿಗೆ ಖಾಲಿ ಇದೆಯೆಂದು ಇಲ್ಲಿನ ಡಾಕ್ಟರು ಅಲ್ಲಿನ ಡ್ಯೂಟಿ ಡಾಕ್ಟರ ಜೊತೆ ಮಾತಾಡಿದ ಮೇಲೆಯೇ ಆಂಬ್ಯುಲೆನ್ಸ್ ಹೊರಡಲಿ. ಹಾಸಿಗೆ ಹುಡುಕುತ್ತಾ ಊರೂರು ಸುತ್ತುವಾಗ ಆಂಬ್ಯುಲೆನ್ಸ್ ಬಾಡಿಗೆಯೂ ಏರುತ್ತದೆ, ರೋಗಿಯೂ ಕುಸಿಯುತ್ತಾರೆ.

ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿದರೇನೇ ಚಿಕಿತ್ಸೆ ಎನ್ನುವಂತಿಲ್ಲ. ಬಾಕಿ ಕಟ್ಟಿಲ್ಲವೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಎರಡೂ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿವೆ. ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ. ರಾತ್ರಿಯಾಗಿದ್ದರೆ ಮೊದಲು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ 112ಕ್ಕೂ ಕರೆ ಮಾಡಿ, ಯಾರು ಯಾವ ಹೊತ್ತಿಗೆ ಏನು ಹೇಳಿದರೆಂದು ಬರೆದಿಟ್ಟುಕೊಳ್ಳಿ.